ಅಚ್ಚುಕಟ್ಟು ಅಂದರೆ ಏನು? ಸ್ವಂತ ಕಸುಬಿನವರಿಗೆ ಹಂತ ಹಂತದ ಮಾರ್ಗದರ್ಶಿ

ಓದುಗರು ನನ್ನನ್ನು ಕೇಳುವ ಒಂದು ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇರುತ್ತದೆ. "ಕೆಲಸ ಚೆನ್ನಾಗಿಯೇ ಮಾಡುತ್ತೇನೆ, ಆದರೂ ಗಿರಾಕಿ ಎರಡನೇ ಸಲ ಬರುವುದಿಲ್ಲ." "ನನ್ನಷ್ಟು ಕೆಲಸ ಗೊತ್ತಿಲ್ಲದವರಿಗೆ ನನಗಿಂತ ಜಾಸ್ತಿ ಕೆಲಸ ಸಿಗುತ್ತದೆ, ಯಾಕೆ?" "ಹತ್ತು ವರ್ಷ ಆಯಿತು, ರೇಟು ಹೇಳಲು ಈಗಲೂ ನಾಲಿಗೆ ತಡವರಿಸುತ್ತದೆ." ಕೇಳುವವರಲ್ಲಿ ಅನುವಾದಕರಿದ್ದಾರೆ, ಎಲೆಕ್ಟ್ರಿಷಿಯನ್‌ಗಳಿದ್ದಾರೆ, ಹೊಲಿಗೆಯವರು, ಲೆಕ್ಕಪತ್ರ ನೋಡುವವರು, ಪಾಠ ಹೇಳುವವರು ಎಲ್ಲರೂ ಇದ್ದಾರೆ. ನಾನು ಪುಸ್ತಕ, ಕರಪತ್ರಗಳ ಪುಟ ವಿನ್ಯಾಸ ಮಾಡುವವನು. ಕಸುಬು ಬೇರೆಯಾದರೂ ತೊಂದರೆ ಒಂದೇ ಜಾಗದಲ್ಲಿ ಇರುತ್ತದೆ. ಹಾಗಾಗಿ ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಒಂದು ಮಾತು ಸರಿಮಾಡಿಕೊಳ್ಳೋಣ. "ವೃತ್ತಿಯಲ್ಲಿ ಶ್ರೇಷ್ಠತೆ" ಅಂದ ಕೂಡಲೇ ಪ್ರತಿಭೆ, ಪ್ರಶಸ್ತಿ, ಕೈಚಳಕ ನೆನಪಾಗುತ್ತದೆ. ನಮ್ಮಂಥವರಿಗೆ ಅಷ್ಟು ದೊಡ್ಡ ಪದ ಬೇಡ. ಅಚ್ಚುಕಟ್ಟು ಅನ್ನೋಣ. ನನ್ನ ಮಟ್ಟಿಗೆ ಅದರ ಅಳತೆ ಇಷ್ಟೇ: ನೀವು ಒಪ್ಪಿಸಿದ ಕೆಲಸವನ್ನು ಗಿರಾಕಿ ಮತ್ತೊಮ್ಮೆ ತಾನೇ ಕೂತು ಪರೀಕ್ಷಿಸಬೇಕಾಗಿ ಬರಬಾರದು. ಮೊದಲನೇ ಸಲ ಅವರು ನೋಡೇ ನೋಡುತ್ತಾರೆ. ಎರಡನೇ ಸಲ ಕಣ್ಣಾಡಿಸುತ್ತಾರೆ. ಮೂರನೇ ಸಲ "ಇವರ ಕೆಲಸ ಅಲ್ವಾ, ಸರಿ ಇರುತ್ತೆ ಬಿಡಿ" ಅಂತ ತೆಗೆದಿಟ್ಟುಕೊಂಡರೆ ನೀವು ದಾರಿಗೆ ಬಂದಿರಿ ಎಂದು ಅರ್ಥ.

ನೌಕರಿಯಲ್ಲಿ ಇರುವವರಿಗೆ ಇದು ಇಷ್ಟು ಕಷ್ಟವಲ್ಲ. ಅಲ್ಲಿ ತಪ್ಪು ಹಿಡಿಯಲು ಮೇಲೊಬ್ಬರು ಇರುತ್ತಾರೆ, ಬಿಲ್ ಮಾಡಲು ಇನ್ನೊಬ್ಬರು, ಫೋನ್ ಎತ್ತಲು ಮತ್ತೊಬ್ಬರು. ಸ್ವಂತ ಕೆಲಸದಲ್ಲಿ ಮಾಡುವವರೂ ನೀವೇ, ತಪ್ಪು ಹಿಡಿಯುವವರೂ ನೀವೇ. ತನ್ನ ತಪ್ಪು ತನ್ನ ಕಣ್ಣಿಗೆ ಬೀಳುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು.

ಇನ್ನೊಂದು ಕಾರಣವೂ ಇದೆ. 1970ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ ಹಳೇ ಕಾರುಗಳ ವ್ಯಾಪಾರವನ್ನು ಇಟ್ಟುಕೊಂಡು ಒಂದು ಲೇಖನ ಬರೆದರು. ಕಾರು ಒಳ್ಳೆಯದೋ ಕೆಟ್ಟದ್ದೋ ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವರು ಎಲ್ಲಕ್ಕೂ ಒಂದು ನಡುವಿನ ಬೆಲೆ ಮಾತ್ರ ಕೊಡಲು ಒಪ್ಪುತ್ತಾರೆ. ಆ ಬೆಲೆ ಒಳ್ಳೇ ಕಾರು ಇಟ್ಟುಕೊಂಡವರಿಗೆ ಗಿಟ್ಟುವುದಿಲ್ಲ, ಅವರು ವ್ಯಾಪಾರದಿಂದಲೇ ಹಿಂದೆ ಸರಿಯುತ್ತಾರೆ. ಉಳಿಯುವುದು ಕೆಟ್ಟ ಕಾರುಗಳೇ. 2001ರಲ್ಲಿ ಅಕರ್‌ಲಾಫ್ ನೊಬೆಲ್ ಹಂಚಿಕೊಂಡದ್ದು ಈ ಬಗೆಯ ವಿಚಾರಕ್ಕಾಗಿಯೇ. ನಿಮ್ಮ ಗಿರಾಕಿಯ ಸ್ಥಿತಿಯೂ ಹೀಗೇ. ಗೋಡೆಯೊಳಗಿನ ವೈರಿಂಗ್ ಅವರಿಗೆ ಕಾಣುವುದಿಲ್ಲ. ಅನುವಾದದ ಮೂಲ ಅವರಿಗೆ ಓದಲು ಬರುವುದಿಲ್ಲ. ಒಳ್ಳೆಯದಾಗಿ ಮಾಡಿದರೆ ಸಾಲದು, ಒಳ್ಳೆಯದಾಗಿದೆ ಅಂತ ಅವರಿಗೆ ತಿಳಿಯುವ ದಾರಿಯನ್ನೂ ನೀವೇ ಮಾಡಿಕೊಡಬೇಕು. ಕೆಳಗಿನ ಹಂತಗಳಲ್ಲಿ ಅರ್ಧ ಕೆಲಸಕ್ಕೆ, ಅರ್ಧ ಈ ದಾರಿಗೆ.

ಏನೇನು ಬೇಕು

ಹೆಚ್ಚೇನಿಲ್ಲ. ಒಂದು ನೋಟ್‌ಬುಕ್. ಫೋನಿನಲ್ಲೂ ಬರೆಯಬಹುದು, ಆದರೆ ನನಗೆ ಕಾಗದವೇ ಹಿಡಿಸಿದೆ. ವಾರಕ್ಕೊಂದು ಗಂಟೆ, ಆ ಗಂಟೆಯಲ್ಲಿ ಗಿರಾಕಿಯ ಕೆಲಸ ಮುಟ್ಟಬಾರದು. ಮುಲಾಜಿಲ್ಲದೆ ಮಾತಾಡುವ ಒಬ್ಬ ಗೆಳೆಯ ಅಥವಾ ಗೆಳತಿ, ನಿಮ್ಮದೇ ಕಸುಬಿನವರಾದರೆ ಇನ್ನೂ ಒಳ್ಳೆಯದು. ಜೊತೆಗೆ ನೀವು ಹಿಂದೆ ಮಾಡಿದ ಹತ್ತು ಕೆಲಸಗಳ ನೆನಪು, ಮುಖ್ಯವಾಗಿ ಎಡವಟ್ಟಾದವು.

ಎಲ್ಲಾ ಹಂತಗಳನ್ನು ಒಟ್ಟಿಗೆ ಶುರು ಮಾಡಬೇಡಿ. ಒಂದು ರೂಢಿಗೆ ಬಂದ ಮೇಲೆ ಇನ್ನೊಂದು.

1. "ಮುಗಿಯಿತು" ಅಂದರೆ ಏನು ಅಂತ ಬರೆಯಿರಿ

ನಿಮ್ಮ ಕಸುಬಿನಲ್ಲಿ ಒಂದು ಕೆಲಸ ಮುಗಿಯಿತು ಅಂತ ಯಾವಾಗ ಹೇಳುತ್ತೀರಿ? ಅರ್ಧ ಪುಟದಲ್ಲಿ ಬರೆಯಿರಿ. ಬರೆಯಲು ಕೂತಾಗಲೇ ಗೊತ್ತಾಗುತ್ತದೆ, ಇಷ್ಟು ದಿನ ಅಂದಾಜಿನಲ್ಲೇ ಬದುಕಿದ್ದೀರಿ ಅಂತ.

ಎಲೆಕ್ಟ್ರಿಷಿಯನ್‌ಗೆ ದೀಪ ಉರಿದರೆ ಕೆಲಸ ಮುಗಿದಂತೆ. ಮನೆಯವರಿಗೆ ಹಾಗಲ್ಲ. ಯಾವ ಸ್ವಿಚ್ ಯಾವುದಕ್ಕೆ ಅಂತ ಬೋರ್ಡಿನ ಮೇಲೆ ಚೀಟಿ ಅಂಟಿಸಿರಬೇಕು, ಗೋಡೆ ಕೊರೆದ ಪುಡಿ ಗುಡಿಸಿರಬೇಕು, ಉಳಿದ ವೈರು ಎಲ್ಲಿದೆ ಅಂತ ಹೇಳಿರಬೇಕು. ಹೊಲಿಗೆಯವರಿಗೆ ಅಳತೆ ಕೂತರೆ ಕೆಲಸ ಮುಗಿಯಿತು. ಹಾಕಿಕೊಳ್ಳುವವರು ಮಾತ್ರ ಒಳಗಿನ ದಾರದ ತುದಿ ಚುಚ್ಚಿದಾಗ ನಿಮ್ಮನ್ನು ನೆನೆಸಿಕೊಳ್ಳುತ್ತಾರೆ, ಒಳ್ಳೆಯ ಮಾತಿನಲ್ಲಿ ಅಲ್ಲ.

ಎಡವುವ ಜಾಗ: "ಉತ್ತಮ ಗುಣಮಟ್ಟ", "ಗಿರಾಕಿಗೆ ತೃಪ್ತಿ" ಅಂತೆಲ್ಲ ಬರೆಯಬೇಡಿ. ಅದು ಬೋರ್ಡಿಗೆ ಸರಿ. ಇಲ್ಲಿ ಕಣ್ಣಿಂದ ನೋಡಿ ಹೌದು, ಇಲ್ಲ ಅಂತ ಹೇಳಬಹುದಾದ ವಿಷಯ ಮಾತ್ರ ಬರಬೇಕು.

2. ಒಪ್ಪಿಕೊಳ್ಳುವ ಮುಂಚೆ ಕೇಳಿ, ಆಮೇಲೆ ಬರೆದು ಕಳಿಸಿ

ಹೆಚ್ಚಿನ ಜಗಳಗಳು ಕೆಲಸ ಕೆಟ್ಟದ್ದಕ್ಕೆ ಹುಟ್ಟಿದವಲ್ಲ. ಅವರು ಒಂದು ಅಂದುಕೊಂಡಿದ್ದರು, ನೀವು ಇನ್ನೊಂದು ಮಾಡಿದಿರಿ, ಅಷ್ಟೇ. ಆದ್ದರಿಂದ ಹೂಂ ಅನ್ನುವ ಮೊದಲು ಇಷ್ಟಾದರೂ ಕೇಳಿ. ಇದು ಯಾರಿಗೆ, ಯಾತಕ್ಕೆ? ಯಾವ ದಿನ ಬೇಕೇ ಬೇಕು, ಆ ದಿನವೇ ಯಾಕೆ? ಕೊನೆಯ ಒಪ್ಪಿಗೆ ಕೊಡುವವರು ಯಾರು? ಇದಕ್ಕೆ ಮೊದಲು ಬೇರೆಯವರ ಹತ್ತಿರ ಮಾಡಿಸಿದ್ದಿರಾ, ಅದರಲ್ಲಿ ಏನು ಹಿಡಿಸಲಿಲ್ಲ?

ಆ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಏನು ಬೇಕು ಅಂತ ಹೇಳಲು ತಡಕಾಡುವ ಜನ ಏನು ಬೇಡ ಅಂತ ಕೇಳಿದರೆ ಹತ್ತು ನಿಮಿಷ ಮಾತಾಡುತ್ತಾರೆ.

ಒಪ್ಪಿಗೆ ಯಾರದ್ದು ಅಂತ ಕೇಳುವುದೂ ಅಷ್ಟೇ ಮುಖ್ಯ. ನಿಮ್ಮ ಜೊತೆ ಮಾತಾಡುತ್ತಿರುವವರು ಒಬ್ಬರು, ಕೊನೆಗೆ "ಇದು ಬೇಡ" ಅನ್ನುವವರು ಬೇರೊಬ್ಬರು ಆಗಿದ್ದರೆ ಕೆಲಸ ಎರಡು ಸಲ ಮಾಡಬೇಕಾಗುತ್ತದೆ.

ಮಾತಾದ ಮೇಲೆ ಅದನ್ನು ಬರೆದು ಕಳಿಸಿ. ಇಂಥ ಬರಹಕ್ಕೆ ಸ್ಕೋಪ್ ಅನ್ನುತ್ತಾರೆ, ಅಂದರೆ ಕೆಲಸದ ಗಡಿ: ಏನು ಸೇರಿದೆ, ಏನು ಸೇರಿಲ್ಲ. ದೊಡ್ಡ ಒಪ್ಪಂದಪತ್ರ ಆಗಬೇಕಿಲ್ಲ, ಸಣ್ಣ ಕೆಲಸಕ್ಕೆ ಒಂದು ಮೆಸೇಜ್ ಸಾಕು. ನಾನು ಕಳಿಸುವುದು ಹೀಗಿರುತ್ತದೆ:

"ನಮಸ್ಕಾರ. ಇವತ್ತು ಮಾತಾಡಿದ್ದು: 48 ಪುಟದ ಪುಸ್ತಕ, ಒಳಪುಟ ಮತ್ತು ಮುಖಪುಟ ವಿನ್ಯಾಸ. ನೀವು ಪಠ್ಯ ಕೊಟ್ಟ ದಿನದಿಂದ 12 ದಿನ. ತಿದ್ದುಪಡಿ ಎರಡು ಸುತ್ತು. ಕರಡು ತಿದ್ದುವುದು ಮತ್ತು ಅಚ್ಚಿನ ಖರ್ಚು ಇದರಲ್ಲಿ ಸೇರಿಲ್ಲ. ಮೂರನೇ ಸುತ್ತಿನಿಂದ ಗಂಟೆ ಲೆಕ್ಕ. ಸರಿ ಇದ್ದರೆ ಒಂದು ಸಾಲು ಉತ್ತರ ಕೊಡಿ, ಶುರು ಮಾಡುತ್ತೇನೆ."

"ಏನು ಸೇರಿಲ್ಲ" ಅನ್ನುವ ಸಾಲು ಇಲ್ಲದಿದ್ದರೆ ಮೆಸೇಜ್ ಕಳಿಸಿಯೂ ಪ್ರಯೋಜನವಿಲ್ಲ.

ಎಡವುವ ಜಾಗ: "ಒಂದೇ ಒಂದು ಚಿಕ್ಕ ಬದಲಾವಣೆ" ಅಂತ ಬರುವ ಮಾತು. ಒಂದಕ್ಕೆ ಹೂಂ ಅನ್ನಿ, ತಪ್ಪಿಲ್ಲ. ಆದರೆ ಹೀಗೆ ಹೇಳಿ: "ಇದು ನಮ್ಮ ಮಾತಿನಲ್ಲಿ ಇರಲಿಲ್ಲ. ಈ ಸಲ ಮಾಡಿಕೊಡುತ್ತೇನೆ, ಮುಂದಿನದಕ್ಕೆ ಬೇರೆ ಲೆಕ್ಕ." ಮುಖ ನೋಡಿ ಸುಮ್ಮನಿದ್ದರೆ ಆರನೇ ಬದಲಾವಣೆಯ ಹೊತ್ತಿಗೆ ಒಳಗೊಳಗೇ ಸಿಟ್ಟು ಬರುತ್ತದೆ. ಆ ಸಿಟ್ಟು ಕೆಲಸದ ಮೇಲೆ ಕಂಡೇ ಕಾಣುತ್ತದೆ.

ಇನ್ನೊಂದು: ನಿಮಗೆ ಬಾರದ ಕೆಲಸ ಬಂದರೆ ಬೇಡ ಅನ್ನಿ. "ಕಲಿತುಕೊಂಡು ಮಾಡ್ತೀನಿ" ಅನ್ನುವುದಾದರೆ ಅದನ್ನೂ ಗಿರಾಕಿಗೆ ಮೊದಲೇ ಹೇಳಿ. ಅವರ ಖರ್ಚಿನಲ್ಲಿ ಗುಟ್ಟಾಗಿ ಕಲಿಯುವುದು ಸರಿಯಲ್ಲ.

3. ದಿನಾಂಕ ಹೇಳುವ ಮೊದಲು ನಿಮ್ಮ ಹಳೇ ಲೆಕ್ಕ ನೋಡಿ

ನಾವೆಲ್ಲ ದಿನ ಕಡಿಮೆ ಹೇಳುತ್ತೇವೆ. ಸೋಮಾರಿತನ ಇದಕ್ಕೆ ಕಾರಣವಲ್ಲ, ಮನಸ್ಸಿನ ಓಟವೇ ಹಾಗೆ. 1979ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್‌ಮನ್ ಮತ್ತು ಏಮಸ್ ಟ್ವರ್ಸ್ಕಿ ಇದಕ್ಕೊಂದು ಹೆಸರು ಕೊಟ್ಟರು: ಪ್ಲ್ಯಾನಿಂಗ್ ಫ್ಯಾಲಸಿ. ಎಲ್ಲಾ ಸರಿಯಾಗಿ ನಡೆಯುತ್ತದೆ ಅಂದುಕೊಂಡು ಯೋಜನೆ ಹಾಕುವ ತಪ್ಪು ಅಂತ ಅರ್ಥ. ಆಮೇಲೆ 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನು, ನಿಮ್ಮ ಪ್ರಬಂಧ ಮುಗಿಯಲು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲಾ ಕೆಟ್ಟರೆ ಎಷ್ಟು ಅಂದದ್ದಕ್ಕೆ ಸುಮಾರು 49 ಅಂದರು. ನಿಜವಾಗಿ ಹಿಡಿದದ್ದು ಸುಮಾರು 55 ದಿನ. ಎಲ್ಲಾ ಕೆಟ್ಟರೂ ಅಂತ ಹಾಕಿಕೊಂಡ ಲೆಕ್ಕವನ್ನೂ ಮೀರಿತು!

ಇದಕ್ಕೆ ಮದ್ದು ನಿಮ್ಮ ನೋಟ್‌ಬುಕ್ಕಿನಲ್ಲಿದೆ. ಪ್ರತಿ ಕೆಲಸಕ್ಕೂ ಎರಡು ಅಂಕಿ ಬರೆಯಿರಿ: ಅಂದುಕೊಂಡ ಗಂಟೆ, ಹಿಡಿದ ಗಂಟೆ. ಹತ್ತು ಕೆಲಸ ಆದ ಮೇಲೆ ಎರಡನ್ನೂ ಬೇರೆ ಬೇರೆ ಕೂಡಿ, ಎರಡನೇ ಮೊತ್ತವನ್ನು ಮೊದಲನೆಯದರಿಂದ ಭಾಗಿಸಿ. 60 ಗಂಟೆ ಅಂದುಕೊಂಡದ್ದು 90 ಗಂಟೆ ಹಿಡಿದಿದ್ದರೆ ನಿಮ್ಮ ಅಂಕಿ 1.5. ಇನ್ನು ಮುಂದೆ ಮನಸ್ಸು ನಾಲ್ಕು ದಿನ ಅಂದರೆ ಬಾಯಿ ಆರು ದಿನ ಅನ್ನಬೇಕು. ಮೊದಲ ಸಲ ನನ್ನ ಅಂಕಿ 1.8 ಬಂತು. ನಾನು ಭಾರೀ ಕರಾರುವಾಕ್ ಅಂದುಕೊಂಡಿದ್ದೆ.

ತಡವಾಗುತ್ತದೆ ಅಂತ ಗೊತ್ತಾದ ದಿನವೇ ಹೇಳಿ. ಮೂರು ದಿನ ಮುಂಚೆ ಹೇಳಿದ ತಡಕ್ಕೆ ಗಿರಾಕಿ ಬೇರೆ ದಾರಿ ನೋಡಿಕೊಳ್ಳುತ್ತಾರೆ. ಕೊಡಬೇಕಾದ ದಿನ ಸಂಜೆ ಫೋನ್ ಸ್ವಿಚ್ ಆಫ್ ಮಾಡಿ ಕೂತರೆ ಅವರಿಗೆ ದಾರಿಯೇ ಇರುವುದಿಲ್ಲ.

4. ನಿಮ್ಮದೇ ಚೆಕ್‌ಲಿಸ್ಟ್ ಮಾಡಿಕೊಳ್ಳಿ

ಈ ಹಂತಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ. ನನಗೆ ಅತಿ ಹೆಚ್ಚು ಲಾಭ ತಂದದ್ದು ಇದು. ಜನ ಅತಿ ಬೇಗ ಕೈಬಿಡುವುದೂ ಇದನ್ನೇ.

"ಇಷ್ಟು ವರ್ಷದ ಅನುಭವ ಇದೆ, ನನಗ್ಯಾಕೆ ಪಟ್ಟಿ?" ಅನ್ನುವವರಿಗೆ ಒಂದು ಹಳೇ ಘಟನೆ. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ಹೊಸ ವಿಮಾನ ಮಾಡೆಲ್ 299ರ ಪರೀಕ್ಷೆ ನಡೆಯುತ್ತಿತ್ತು. ನಡೆಸುತ್ತಿದ್ದವರು ನುರಿತ ಪೈಲಟ್. ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೇ ಕೆಳಗೆ ಬಿತ್ತು, ಇಬ್ಬರು ತೀರಿಕೊಂಡರು. ಯಂತ್ರದಲ್ಲಿ ದೋಷ ಇರಲಿಲ್ಲ. ವಿಮಾನ ನಿಂತಿರುವಾಗ ಗಾಳಿಗೆ ಅಲುಗಾಡದಂತೆ ಬಾಲದ ಚಲಿಸುವ ಪಟ್ಟಿಗಳಿಗೆ ಹಾಕುವ ಒಂದು ಲಾಕ್ ತೆಗೆಯುವುದನ್ನು ಮರೆತಿದ್ದರು. ಇದಾದ ಮೇಲೆ ಪೈಲಟ್‌ಗಳು ಕೈಯಲ್ಲಿ ಹಿಡಿದು ಓದುವ ಚಿಕ್ಕ ಪಟ್ಟಿ ಬಂತು. ಅದೇ ಮಾದರಿಯ ವಿಮಾನ ಮುಂದೆ ಬಿ-17 ಅನ್ನುವ ಬಾಂಬರ್ ಆಗಿ ಸಾವಿರಾರು ಸಂಖ್ಯೆಯಲ್ಲಿ ಹಾರಿತು.

ವೈದ್ಯರಿಗೂ ಇದೇ ಪಾಠ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ 19 ಅಂಶಗಳ ಪಟ್ಟಿ ತಂದಿತು. ರೋಗಿ ಇವರೇನಾ, ಕೊಯ್ಯಬೇಕಾದ ಜಾಗ ಇದೇನಾ, ಒಳಗೆ ಬಟ್ಟೆಯ ತುಂಡು ಉಳಿದಿಲ್ಲ ತಾನೆ, ಇಂಥವೇ. ಎಂಟು ಆಸ್ಪತ್ರೆಗಳಲ್ಲಿ ನೋಡಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು. ಆ ವೈದ್ಯರಿಗೆ ಕೆಲಸ ಗೊತ್ತಿರಲಿಲ್ಲವಾ? ಗೊತ್ತಿತ್ತು. ಗೊತ್ತಿದ್ದದ್ದೇ ಅವಸರದಲ್ಲಿ ಜಾರುತ್ತದೆ.

ಈಗ ನಿಮ್ಮ ಪಟ್ಟಿ. ಅದನ್ನು ಬೇರೆಯವರಿಂದ ನಕಲು ಮಾಡಬೇಡಿ. ಹಿಂದೆ ಆದ ಎಡವಟ್ಟುಗಳನ್ನು ನೆನಪಿಸಿಕೊಳ್ಳಿ, ಪ್ರತಿಯೊಂದಕ್ಕೂ ಒಂದು ಸಾಲು. ಆರರಿಂದ ಒಂಬತ್ತು ಸಾಲು ಸಾಕು. ನನ್ನದರಲ್ಲಿ ಇರುವುದು ಇವು:

– ಎಲ್ಲಾ ಫೋನ್ ನಂಬರ್‌ಗಳನ್ನು ಕೊನೆಯ ಅಂಕಿಯಿಂದ ಹಿಂದಕ್ಕೆ ಓದಿದೆನಾ?
– ದಿನಾಂಕ ಮತ್ತು ವಾರ ತಾಳೆ ಆಗುತ್ತದಾ? (ಕ್ಯಾಲೆಂಡರ್ ತೆಗೆದು ನೋಡು, ನೆನಪಿನಿಂದ ಬೇಡ.)
– ಜನರ ಹೆಸರುಗಳನ್ನು ಮೂಲದ ಪಕ್ಕ ಇಟ್ಟು ನೋಡಿದೆನಾ?
– ಫಾಂಟ್ ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಸರಿ ಇವೆಯಾ?
– ಒಳಗಿನ ಪುಟಸಂಖ್ಯೆಗೂ ಪರಿವಿಡಿಗೂ ಹೊಂದುತ್ತದಾ?
– ದೊಡ್ಡಕ್ಷರದ ಶೀರ್ಷಿಕೆ ಓದಿದೆನಾ?
– ಕಾಗದದ ಮೇಲೆ ಒಂದು ಪ್ರತಿ ತೆಗೆದು ನೋಡಿದೆನಾ?

ಶೀರ್ಷಿಕೆಯ ಸಾಲು ನೋಡಿ ನಗು ಬರಬಹುದು. ಸಣ್ಣ ಅಕ್ಷರದ ತಪ್ಪು ಹುಡುಕುವ ಕಣ್ಣು ದೊಡ್ಡಕ್ಷರವನ್ನು ಓದುವುದೇ ಇಲ್ಲ, ಸುಮ್ನೆ ನೋಡುತ್ತದೆ. ನಂಬರ್ ಹಿಂದಕ್ಕೆ ಓದುವುದೂ ಅದಕ್ಕೇ. ಮುಂದಕ್ಕೆ ಓದಿದರೆ ಬಾಯಿ ಹಳೇ ರಾಗದಲ್ಲಿ ಹೇಳಿಬಿಡುತ್ತದೆ. ಹಿಂದಿನಿಂದ ಬಂದರೆ ಒಂದೊಂದು ಅಂಕಿಗೂ ನಿಲ್ಲಬೇಕಾಗುತ್ತದೆ.

ಪಟ್ಟಿಯನ್ನು ಎಲ್ಲಿ ನಿಂತು ಓದಬೇಕು ಅಂತಲೂ ಗೊತ್ತುಮಾಡಿಕೊಳ್ಳಿ. ಕೆಲಸ ಮುಗಿದು ಗಿರಾಕಿಗೆ ಕೊಡುವ ಮೊದಲಿನ ಗಳಿಗೆ ಸರಿಯಾದ ಜಾಗ. ಆಗುವುದಾದರೆ ರಾತ್ರಿ ಮುಗಿಸಿ ಬೆಳಿಗ್ಗೆ ಪಟ್ಟಿ ಹಿಡಿಯಿರಿ. ರಾತ್ರಿಯ ಕಣ್ಣಿಗೂ ಬೆಳಗಿನ ಕಣ್ಣಿಗೂ ಬಹಳ ವ್ಯತ್ಯಾಸ.

ಎಡವುವ ಜಾಗಗಳು ಇಲ್ಲಿ ಮೂರು. ಪಟ್ಟಿ ಮೂವತ್ತು ಸಾಲಾಗುವುದು. ಹಾಗಾದರೆ ಎರಡನೇ ವಾರಕ್ಕೆ ಅದನ್ನು ಮೂಲೆಗೆ ಹಾಕುತ್ತೀರಿ. ಕಸುಬು ಹೇಗೆ ಮಾಡಬೇಕು ಅಂತ ಪಟ್ಟಿಯಲ್ಲಿ ಬರೆಯುವುದು. ಅದು ನಿಮಗೆ ಗೊತ್ತಿದೆ, ಮರೆಯುವಂಥದ್ದು ಮಾತ್ರ ಬರೆಯಿರಿ. ಮೂರನೆಯದು, ನೋಡದೆ ಟಿಕ್ ಹಾಕುವುದು. ಇದಕ್ಕೆ ನಾನು ಟಿಕ್ ಬದಲು ಏನು ಕಂಡೆ ಅಂತ ಒಂದು ಪದ ಬರೆಯುತ್ತೇನೆ. "ವಾರ ಸರಿ, ಗುರುವಾರ" ಹೀಗೆ. ನೋಡದೆ ಗುರುವಾರ ಅಂತ ಬರೆಯಲು ಬರುವುದಿಲ್ಲ.

5. ಒಪ್ಪಿಸುವುದೂ ಕೆಲಸದ ಭಾಗ

ಇಲ್ಲಿ ಹೇಳಲು ಹೆಚ್ಚಿಲ್ಲ. ಮಾಡಿದ್ದನ್ನು ಸುಮ್ಮನೆ ಕೈಗಿಟ್ಟು ಬರಬೇಡಿ. ಏನು ಮಾಡಿದೆ, ಹೇಗೆ ಬಳಸಬೇಕು, ಮುಂದೆ ಏನು ಕೆಡಬಹುದು, ಕೆಟ್ಟರೆ ಎಷ್ಟು ದಿನದವರೆಗೆ ಉಚಿತವಾಗಿ ಸರಿಮಾಡಿಕೊಡುತ್ತೇನೆ, ಈ ನಾಲ್ಕು ಮಾತು ಬರೆದು ಕೊಡಿ. ಕೊನೆಯದೇ ಗ್ಯಾರಂಟಿ. ಅಕರ್‌ಲಾಫ್ ಹೇಳಿದ ತೊಂದರೆಗೆ ಇರುವ ಮದ್ದುಗಳಲ್ಲಿ ಇದೂ ಒಂದು: ಒಳಗೆ ಕಾಣದವರಿಗೆ ಹೊರಗಿನಿಂದ ಭರವಸೆ.

ಗೋಡೆಯೊಳಗೆ, ನೆಲದಡಿಗೆ ಹೋಗುವ ಕೆಲಸವಾದರೆ ಮುಚ್ಚುವ ಮೊದಲು ಫೋಟೋ ತೆಗೆದು ಅವರಿಗೂ ಕಳಿಸಿ. ಕಂಪ್ಯೂಟರ್ ಕೆಲಸದವರು ಫೈಲಿಗೆ "ಫೈನಲ್", "ಹೊಸ ಫೈನಲ್", "ಇದೇ ಫೈನಲ್" ಅಂತ ಹೆಸರಿಡುವ ಚಟ ಬಿಡಿ. ದಿನಾಂಕ ಮತ್ತು ಸುತ್ತಿನ ಸಂಖ್ಯೆ ಹಾಕಿ.

ಬಿಲ್ ಕೂಡ ಅದೇ ದಿನ ಕಳಿಸಿ, ಏನೇನಕ್ಕೆ ಎಷ್ಟು ಅಂತ ಬಿಡಿಸಿ ಬರೆದು. ತಿಂಗಳು ಬಿಟ್ಟು ಬಂದ ಬಿಲ್ಲಿಗೆ ಗಿರಾಕಿ ಚೌಕಾಸಿ ಮಾಡದೆ ಇರುತ್ತಾರಾ?

6. ತಪ್ಪಾದಾಗ

ಆಗುತ್ತದೆ. ಆಗದಂತೆ ಮಾಡುವ ಪಟ್ಟಿಯ ಬಗ್ಗೆ ಇಷ್ಟು ಹೊತ್ತು ಹೇಳಿದ ನಾನೇ 800 ಕರಪತ್ರಗಳಲ್ಲಿ ಫೋನ್ ನಂಬರಿನ ಎರಡು ಅಂಕಿ ಅದಲು ಬದಲು ಮಾಡಿ ಅಚ್ಚಿಗೆ ಕಳಿಸಿದ್ದೆ. ಮೇಲಿನ ಪಟ್ಟಿಯ ಮೊದಲ ಸಾಲು ಬಂದದ್ದು ಅಲ್ಲಿಂದಲೇ.

ಮಾಡಬೇಕಾದ ಕ್ರಮ ಇದು. ಗಿರಾಕಿ ಕಂಡುಹಿಡಿಯುವ ಮೊದಲು ನೀವೇ ಹೇಳಿ. ಏನಾಗಿದೆ ಅಂತ ಒಂದೇ ಸಾಲಿನಲ್ಲಿ. ಏನು ಮಾಡುತ್ತಿದ್ದೀರಿ, ಯಾವಾಗ ಸರಿಹೋಗುತ್ತದೆ, ಖರ್ಚು ಯಾರದು ಅಂತ ಎರಡನೇ ಸಾಲಿನಲ್ಲಿ. ಒಂದು ಸಲ ಕ್ಷಮೆ ಕೇಳಿ, ಸಾಕು. ಹತ್ತು ಸಲ ಕೇಳಿದರೆ ಅವರು ತಮ್ಮ ತಲೆನೋವು ಬಿಟ್ಟು ನಿಮಗೆ ಸಮಾಧಾನ ಹೇಳುತ್ತಾ ಕೂರಬೇಕಾಗುತ್ತದೆ. ಕರೆಂಟು ಹೋಗಿತ್ತು, ನೆಂಟರು ಬಂದಿದ್ದರು ಅನ್ನುವ ಕಥೆ ಬೇಡ.

ಅದು ಮುಗಿದ ಮೇಲೆ ನಿಮ್ಮೊಳಗೆ ಇನ್ನೊಂದು ಕೆಲಸ. ಟೊಯೋಟಾ ಕಾರ್ಖಾನೆಯಲ್ಲಿ ಎಂಜಿನಿಯರ್ ತೈಇಚಿ ಓನೋ ಬಳಕೆಗೆ ತಂದ ಒಂದು ರೂಢಿ ಇದೆ: ತಪ್ಪು ಕಂಡರೆ ಐದು ಸಲ "ಯಾಕೆ" ಅಂತ ಕೇಳುವುದು. ನನ್ನ ನಂಬರಿನ ಮೇಲೆ ಹಾಕಿ ತೋರಿಸುತ್ತೇನೆ.

ಅಂಕಿ ಯಾಕೆ ತಪ್ಪಿತು? ಕೈಯಲ್ಲಿ ಟೈಪ್ ಮಾಡಿದ್ದೆ. ಯಾಕೆ ಟೈಪ್ ಮಾಡಿದೆ? ಅವರು ಫೋನಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದರು. ಯಾಕೆ ಬಾಯಿಮಾತು? ಬರೆದು ಕಳಿಸಿ ಅಂತ ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಅಚ್ಚಿನವರು ಕಾಯುತ್ತಿದ್ದರು, ಅವಸರ. ಯಾಕೆ ಅವಸರ? ಬದಲಾವಣೆಗೆ ಕೊನೆಯ ದಿನ ಅಂತ ನಾನು ಗೊತ್ತುಮಾಡಿರಲೇ ಇಲ್ಲ.

ಮೊದಲ ಉತ್ತರಕ್ಕೇ ನಿಂತಿದ್ದರೆ "ಇನ್ನು ಹುಷಾರಾಗಿ ಟೈಪ್ ಮಾಡಬೇಕು" ಅಂತ ನನಗೆ ನಾನೇ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಐದನೆಯದಕ್ಕೆ ಹೋದದ್ದರಿಂದ ಎರಡು ನಿಯಮ ಬಂದವು: ಬದಲಾವಣೆ ಬರಹದಲ್ಲಿ ಮಾತ್ರ, ಮತ್ತು ಅಚ್ಚಿಗೆ ಒಂದು ದಿನ ಮುಂಚೆ ಬಾಗಿಲು ಬಂದ್. ಹುಷಾರಾಗಿರುತ್ತೇನೆ ಅನ್ನುವುದು ನಿಯಮವಲ್ಲ. ಅದು ಆಸೆ, ಅಷ್ಟೇ.

7. ವಾರದ ಆ ಒಂದು ಗಂಟೆ

ಹದಿನೈದು ವರ್ಷ ಕೆಲಸ ಮಾಡಿದವರೆಲ್ಲ ಹದಿನೈದು ವರ್ಷ ಕಲಿತಿರುವುದಿಲ್ಲ. ಒಂದು ಹಂತಕ್ಕೆ ಬಂದ ಮೇಲೆ ಕೈ ತಾನಾಗಿ ಓಡುತ್ತದೆ, ತಲೆ ಕೆಲಸ ನಿಲ್ಲಿಸುತ್ತದೆ. ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ 1993ರಲ್ಲಿ ಬಂತು. "ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ನಿಪುಣರಾಗುತ್ತೀರಿ" ಅನ್ನುವ ಜನಪ್ರಿಯ ಮಾತು ಹುಟ್ಟಿದ್ದು ಅದರಿಂದಲೇ. ಆದರೆ ಅದು 20ನೇ ವಯಸ್ಸಿಗೆ ಅತ್ಯುತ್ತಮರ ಗುಂಪಿನ ಸರಾಸರಿ. ದಾಟಿದರೆ ಗೆದ್ದೆವು ಅನ್ನುವ ಗೆರೆ ಅಲ್ಲ. ಅವರು ಒತ್ತಿ ಹೇಳಿದ್ದು ಅಭ್ಯಾಸದ ಬಗೆಯನ್ನು: ಆಗದ ಒಂದು ಸಣ್ಣ ಭಾಗವನ್ನು ಬಿಡಿಸಿಕೊಂಡು, ಅದನ್ನೇ ಮಾಡಿ, ಎಲ್ಲಿ ತಪ್ಪಿತು ಅಂತ ಕೂಡಲೇ ತಿಳಿದು, ಮತ್ತೆ ಮಾಡುವುದು.

ನಿಮಗೆ ಹೀಗೆ ಹೊಂದಿಸಿಕೊಳ್ಳಿ. ತಿಂಗಳಿಗೆ ಒಂದೇ ಒಂದು ಸಣ್ಣ ಕೌಶಲ. ಫೋಟೋ ತೆಗೆಯುವವರಾದರೆ "ಕಿಟಕಿ ಬೆಳಕಿನಲ್ಲಿ ಮುಖ", ಹೊಲಿಗೆಯವರಾದರೆ "ಕಾಲರ್ ತಿರುವು", ಪಾಠ ಹೇಳುವವರಾದರೆ "ಭಿನ್ನರಾಶಿಯನ್ನು ಐದು ನಿಮಿಷದಲ್ಲಿ ವಿವರಿಸುವುದು". ವಾರದ ಗಂಟೆಯಲ್ಲಿ ಅದನ್ನು ಮಾಡಿ, ಆ ಮುಲಾಜಿಲ್ಲದ ಗೆಳೆಯರಿಗೆ ತೋರಿಸಿ. "ಚೆನ್ನಾಗಿದೆಯಾ?" ಅಂತ ಕೇಳಿದರೆ ಹೂಂ ಅನ್ನುವ ಉತ್ತರವೇ ಬರುತ್ತದೆ. "ಇದರಲ್ಲಿ ಒಂದು ಜಾಗ ಬದಲಿಸಬೇಕಾದರೆ ಯಾವುದು?" ಅಂತ ಕೇಳಿ. ಗಿರಾಕಿಗಳನ್ನೂ ಹೀಗೇ ಕೇಳಬಹುದು, ಹಣ ಕೈಸೇರಿದ ಮೇಲೆ.

ಎಡವುವ ಜಾಗ: ವಿಡಿಯೋ ನೋಡುವುದನ್ನೇ ಕಲಿಕೆ ಅಂದುಕೊಳ್ಳುವುದು. ಆ ಗಂಟೆಯಲ್ಲಿ ಕೈ ಕೆಲಸ ಮಾಡಿರಲೇಬೇಕು.

8. ಎಲ್ಲಿ ನಿಲ್ಲಿಸಬೇಕು, ಎಷ್ಟು ಕೇಳಬೇಕು

ಅಚ್ಚುಕಟ್ಟಿನವರಿಗೆ ಒಂದು ಕಾಯಿಲೆ ಅಂಟುತ್ತದೆ: ಎಷ್ಟು ತಿದ್ದಿದರೂ ಸಮಾಧಾನವಿಲ್ಲ. ಗಿರಾಕಿಗೆ ಕಾಣದ, ಬಾಳಿಕೆಗೂ ಬೇಕಿಲ್ಲದ, ದುಡ್ಡೂ ಹುಟ್ಟದ ತಿದ್ದುಪಡಿಗೆ ರಾತ್ರಿ ಎರಡು ಗಂಟೆವರೆಗೆ ಕೂತಿರುತ್ತಾರೆ. ಮೊದಲ ಹಂತದಲ್ಲಿ ಬರೆದ ಅರ್ಧ ಪುಟ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಇರುವುದೆಲ್ಲ ಆಯಿತಾ? ಆದರೆ ಕೈ ತೆಗೆಯಿರಿ. ಇನ್ನೂ ಏನೋ ಕಾಡುತ್ತಿದ್ದರೆ ನೋಟ್‌ಬುಕ್ಕಿಗೆ ಬರೆದು ಮುಂದಿನ ಕೆಲಸದಲ್ಲಿ ನೋಡಿ. ಸುರಕ್ಷತೆಯ ವಿಷಯ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಅನುಮಾನ ಇದ್ದರೆ ಬಿಚ್ಚಿ ಮತ್ತೆ ಮಾಡಿ.

ಇನ್ನು ರೇಟು. ಮೂರನೇ ಹಂತದ ಗಂಟೆ ಲೆಕ್ಕ ಇಲ್ಲದೆ ರೇಟಿನ ಮಾತೇ ಬೇಡ. ಒಂದು ಕೆಲಸಕ್ಕೆ ನಿಜವಾಗಿ ಎಷ್ಟು ಗಂಟೆ ಹೋಗುತ್ತದೆ ಅಂತ ಗೊತ್ತಿಲ್ಲದವರು ಹೇಳುವ ಬೆಲೆ ಬರೀ ಧೈರ್ಯದ ಮೇಲೆ ನಿಂತಿರುತ್ತದೆ. ಪಕ್ಕದವರು ಕಡಿಮೆ ಹೇಳಿದ ಕೂಡಲೇ ಕುಸಿಯುತ್ತದೆ. ಫೋನ್ ಮಾತು, ಓಡಾಟ, ತಿದ್ದುಪಡಿ, ಬಿಲ್ ಬರೆದದ್ದು ಎಲ್ಲವನ್ನೂ ಗಂಟೆಯಲ್ಲಿ ಸೇರಿಸಿ. ಅನೇಕರಿಗೆ ಆಗ ಗೊತ್ತಾಗುತ್ತದೆ, ತಮ್ಮ ಅತಿ ದೊಡ್ಡ ಗಿರಾಕಿಯೇ ಗಂಟೆಗೆ ಅತಿ ಕಡಿಮೆ ಕೊಡುತ್ತಿದ್ದಾರೆ ಅಂತ.

ಏರಿಸುವುದಾದರೆ ಹೊಸ ಗಿರಾಕಿಗಳಿಂದ ಶುರು ಮಾಡಿ. ಹೊಸಬರಲ್ಲಿ ಐದಾರು ಜನ ಚೌಕಾಸಿ ಇಲ್ಲದೆ ಒಪ್ಪಿದರೆ ಆ ಬೆಲೆ ನಿಂತಿದೆ ಅಂತ ತಿಳಿಯಿರಿ. ಆಮೇಲೆ ಹಳಬರಿಗೆ ಒಂದೆರಡು ತಿಂಗಳು ಮುಂಚಿತವಾಗಿ ಬರೆಯಿರಿ: ಇಂಥ ದಿನದಿಂದ ರೇಟು ಇಷ್ಟು, ಈಗ ಕೈಯಲ್ಲಿರುವ ಕೆಲಸ ಹಳೇ ರೇಟಿಗೇ. ಅಷ್ಟೇ ಸಾಕು. ಮನೆ ಖರ್ಚಿನ ಕಷ್ಟ ಹೇಳಿಕೊಳ್ಳಬೇಡಿ, ಬೆಲೆ ಕೆಲಸದ್ದು. "ಜಾಸ್ತಿ ಆಯ್ತಲ್ಲ" ಅಂದರೆ ಸುಮ್ಮನೆ ಇಳಿಸಬೇಡಿ. "ನಿಮ್ಮ ಬಜೆಟ್ಟಿಗೆ ಇಷ್ಟು ಕೆಲಸ ಆಗುತ್ತದೆ" ಅಂತ ಕೆಲಸವನ್ನು ಕಡಿಮೆ ಮಾಡಿ ತೋರಿಸಿ. ಕೆಲಸ ಅಷ್ಟೇ ಇಟ್ಟು ಬೆಲೆ ಇಳಿಸಿದರೆ ಮೊದಲು ಹೇಳಿದ್ದು ಸುಳ್ಳು ಅಂತ ನೀವೇ ಒಪ್ಪಿಕೊಂಡ ಹಾಗೆ.

ಒಂದಿಬ್ಬರು ಹಳಬರು ಬಿಟ್ಟು ಹೋಗುತ್ತಾರೆ. ಹೋಗುವಾಗ ಅವರ ಫೈಲು, ಅಳತೆ, ನಕ್ಷೆ, ಪಾಸ್‌ವರ್ಡ್, ಏನೇನು ನಿಮ್ಮ ಹತ್ತಿರ ಇದೆಯೋ ಎಲ್ಲಾ ಸರಿಯಾಗಿ ಜೋಡಿಸಿ, ಮುಂದೆ ಆ ಕೆಲಸ ಹಿಡಿಯುವವರಿಗೆ ಅರ್ಥವಾಗುವ ಹಾಗೆ ಒಂದು ಪುಟ ಬರೆದು ಕೊಟ್ಟು ಕಳಿಸಿ. ನನ್ನ ಹತ್ತಿರ ಹಾಗೆ ಹೋದವರಲ್ಲಿ ಒಬ್ಬರು ಎಂಟು ತಿಂಗಳ ಮೇಲೆ ಫೋನ್ ಮಾಡಿ, "ಹೊಸ ರೇಟು ಇನ್ನೂ ಅಷ್ಟೇನಾ?" ಅಂತ ಕೇಳಿದರು. ಅಷ್ಟರಲ್ಲಿ ಅದು ಇನ್ನಷ್ಟು ಏರಿತ್ತು.